ಹೆಸರೆಂಬ ಹೊಸಮನೆ



ಮೈಸೂರಿನ ಅರಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಅಗ್ರಹಾರವೆಂಬ ಬಡಾವಣೆಯಿದೆ. ನಿಮ್ಮಲ್ಲಿ ಅನೇಕರು ಅಲ್ಲಿನ ವೃತ್ತವನ್ನು ಬಸ್ಸಿನಲ್ಲೋ ಆಟೋದಲ್ಲೋ ದಾಟಿ ಹೋಗಿರುತ್ತೀರಿ. ಅಗ್ರಹಾರವೆಂದರೆ ವೇದಾಧ್ಯಯನ ಮಾಡುವ ಬ್ರಾಹ್ಮಣರಿಗೆ ಅರಸರು ತೆರಿಗೆಯಿಲ್ಲದೆ ದಾನವಾಗಿ ಬಿಟ್ಟುಕೊಟ್ಟ ನೆಲ. ಆ ನೆಲದ ಮೇಲೆ ಎದ್ದುನಿಂತ ಮನೆಗಳ ಸಾಲು. ಇಂದು ಆ ವೃತ್ತದ ಸುತ್ತ ವ್ಯಾಪಾರ ಮಾಡುವವರು, ಬಾಡಿಗೆಗಿರುವವರು, ದಿನವೂ ಓಡಾಡುವವರು ಹಲವು ಜಾತಿಗಳವರು, ಹಲವು ಮತಗಳವರು. ದಾನಪತ್ರದ ಅರ್ಥ ಕಳಚಿಹೋಗಿ ಹೆಸರೊಂದೇ ಉಳಿದಿದೆ. ಆದರೂ ಆ ಹೆಸರು ಸುಳ್ಳೆಂದು ಯಾರೂ ಹೇಳುವುದಿಲ್ಲ. ಅಂಚೆಯವನಿಗೆ ಅದು ವಿಳಾಸ, ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ತವರು.

ಅಲ್ಲಿನ ರಸ್ತೆಗಳ ಹೆಸರನ್ನೂ ಗಮನಿಸಿ. ಒಂದು ರಾಮಾನುಜ ರಸ್ತೆ, ಇನ್ನೊಂದು ತ್ಯಾಗರಾಜ ರಸ್ತೆ. ರಾಮಾನುಜಾಚಾರ್ಯರು ತಮಿಳುನಾಡಿನಿಂದ ಮೇಲುಕೋಟೆಗೆ ಬಂದವರು. ತ್ಯಾಗರಾಜರು 1767ರಲ್ಲಿ ತಿರುವಾರೂರಿನಲ್ಲಿ ಹುಟ್ಟಿ, ತಮಿಳು ನೆಲದಲ್ಲಿ ಬಾಳಿ, ತೆಲುಗಿನಲ್ಲಿ ಹಾಡಿದವರು. ಇಬ್ಬರೂ ಹುಟ್ಟಿನಿಂದ ಕನ್ನಡಿಗರಲ್ಲ. ಆದರೆ ಈ ಹೆಸರುಗಳನ್ನು ಹೊರಗಿನವೆಂದು ಅಗ್ರಹಾರದವರು ಎಂದೂ ಭಾವಿಸಿದಂತಿಲ್ಲ. ಬಾಯಿಂದ ಬಾಯಿಗೆ ಓಡಾಡಿದ ಹೆಸರು ಎಲ್ಲಿಂದ ಬಂದಿತೆಂಬುದನ್ನು ಜನ ಮರೆಯುತ್ತಾರೆ, ತಮ್ಮದೆಂದೇ ಕರೆಯುತ್ತಾರೆ.

ರಸ್ತೆಗೆ ದೊರೆಯುವ ಈ ಔದಾರ್ಯ ಮನುಷ್ಯನಿಗೆ ದೊರೆಯುತ್ತದೆಯೇ? ಈ ತಿಂಗಳು ನಾವಿಬ್ಬರೂ ಕೂಡಿ ಯೋಚಿಸಬೇಕಾದ ಪ್ರಶ್ನೆ ಇದೇ.

ಅಗ್ರಹಾರದಲ್ಲಾಗಲಿ, ನಗರದ ಬೇರೆ ಯಾವ ಮೊಹಲ್ಲಾದಲ್ಲಾಗಲಿ ನೀವು ಬಾಡಿಗೆ ಮನೆ ಹುಡುಕುತ್ತ ಹೊರಟಿದ್ದೀರಿ ಎಂದುಕೊಳ್ಳಿ. ಮನೆ ಒಪ್ಪಿಗೆಯಾಗಿದೆ, ಮುಂಗಡದ ಮಾತೂ ಮುಗಿದಿದೆ. ಕೊನೆಯಲ್ಲಿ ಮನೆಯ ಯಜಮಾನರು ಮೆಲ್ಲಗೆ ಕೇಳುತ್ತಾರೆ: "ತಮ್ಮ ಹೆಸರು?" ನೀವು ಹೇಳುತ್ತೀರಿ. "ಪೂರ್ತಿ ಹೆಸರು?" ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಅದಕ್ಕೂ ಉತ್ತರ ಸಾಲದಿದ್ದರೆ ಹಳೆಯ ಮೈಸೂರಿನ ಮೂರನೆಯ ಪ್ರಶ್ನೆ ಇದ್ದೇ ಇದೆ: "ನೀವು ಯಾವ ಜನ?" ಈ ಮೂರು ಪ್ರಶ್ನೆಗಳೂ ಒಂದೇ ಪ್ರಶ್ನೆಯ ಮೂರು ಮೆಟ್ಟಿಲುಗಳು. ಕೇಳುವವರಿಗೆ ನಿಮ್ಮ ಹೆಸರು ಬೇಕಾಗಿಲ್ಲ. ಹೆಸರಿನ ಹಿಂದಿರುವ ಕುಲ ಬೇಕಾಗಿದೆ. ಉತ್ತರ ಹಿತವಾಗದಿದ್ದರೆ, ಮನೆ ನಿನ್ನೆಯೇ ಯಾರಿಗೋ ಮಾತಾಗಿಬಿಟ್ಟಿದೆ ಎಂಬ ಸಮಾಚಾರ ಹೊರಬೀಳುತ್ತದೆ.

ಈಗ ನಿಮ್ಮ ಹೆಸರು ಚೌರಪ್ಪ ಎಂದಿಟ್ಟುಕೊಳ್ಳಿ. ಮೈಸೂರು, ಬೆಂಗಳೂರು ಸೀಮೆಯ ಕನ್ನಡ ಕ್ರೈಸ್ತರಲ್ಲಿ ಈ ಹೆಸರು, ಇದರ ಹೆಣ್ಣುರೂಪವಾದ ಚೌರಮ್ಮ ಎಂಬ ಹೆಸರು, ಅಜ್ಜ ಅಜ್ಜಿಯರ ಕಾಲದಲ್ಲಿ ತೀರ ಸಾಮಾನ್ಯವಾಗಿದ್ದವು. ಇಂದು ಮಕ್ಕಳಿಗೆ ಇಡುವವರು ಅಪರೂಪ. ಕಾರಣವನ್ನು ಹೇಳಬೇಕಾಗಿಲ್ಲ. ಶಾಲೆಯಲ್ಲಿ ಹುಡುಗರು ಚೌರವೆಂದರೆ ಕೂದಲು ತೆಗೆಯುವ ಕೆಲಸವೆಂದು ಹಿಡಿದು ನಗುತ್ತಾರೆ. ಪ್ರಾಮಾಣಿಕವಾದ ಒಂದು ಕಸುಬಿನ ಹೆಸರು ಬೈಗುಳವಾಗುವುದೇ ನಮ್ಮ ಸಮಾಜದ ರೋಗಲಕ್ಷಣ. ಆ ಮಾತು ಹಾಗಿರಲಿ. ನಗೆಗೆ ನಾಚಿ ಆ ಹುಡುಗ ದೊಡ್ಡವನಾದ ಮೇಲೆ ತನ್ನ ಹೆಸರನ್ನು ಝೇವಿಯರ್ ಎಂದು ತಿದ್ದಿಕೊಳ್ಳುತ್ತಾನೆ. ಆಗ ಇನ್ನೊಂದು ಬಾಗಿಲಿನಿಂದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: "ಕನ್ನಡಿಗರಾಗಿ ನಿಮಗೇಕೆ ಈ ವಿಲಾಯಿತಿ ಹೆಸರು?" ಹೀಗೆ ಒಂದು ಹೆಸರು ಹಳ್ಳಿಗಾಡಿನದೆಂದು ನಗೆಗೀಡಾದರೆ, ಅದರ ಇನ್ನೊಂದು ರೂಪ ಪರದೇಶದ್ದೆಂದು ಶಂಕೆಗೀಡಾಗುತ್ತದೆ. ಎರಡೂ ಒಂದೇ ಹೆಸರು. ಅದರ ಚರಿತ್ರೆಯನ್ನು ತಿಳಿದರೆ ನಗುವವರಿಗೂ ಶಂಕಿಸುವವರಿಗೂ, ಎಲ್ಲಕ್ಕಿಂತ ಮಿಗಿಲಾಗಿ ಆ ಹೆಸರನ್ನು ಹೊತ್ತವರಿಗೂ, ಉಪಯೋಗವಾದೀತು.

ಸ್ಪೇನ್ ದೇಶದ ಉತ್ತರಕ್ಕೆ, ಪಿರೆನೀಸ್ ಪರ್ವತಗಳ ಮಗ್ಗುಲಿಗೆ ನವಾರ್ರೆ ಎಂಬ ಸೀಮೆಯಿದೆ. ಅಲ್ಲಿಯ ಒಂದು ಭಾಗದ ಜನರ ಮಾತು ಬಾಸ್ಕ್ ಭಾಷೆ. ಸುತ್ತಣ ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳೊಂದಿಗೆ ಅದಕ್ಕೆ ಯಾವ ರಕ್ತಸಂಬಂಧವೂ ಇಲ್ಲ. ಆ ಭಾಷೆಯಲ್ಲಿ 'ಎಚೆ' ಎಂದರೆ ಮನೆ, 'ಬೆರಿ' ಎಂದರೆ ಹೊಸದು. ಎಚೆಬೆರಿ ಎಂದರೆ ಹೊಸಮನೆ. ಹಾಗೆ ಕರೆಸಿಕೊಂಡ ಒಂದು ಜಾಗದ ಹೆಸರು ಜನರ ನಾಲಿಗೆಯಲ್ಲಿ ಸವೆದು ಶಾವಿಯೆರ್ ಆಯಿತು. ಅಲ್ಲೊಂದು ಕೋಟೆಮನೆಯಿತ್ತು. 1506ನೇ ಇಸವಿ ಏಪ್ರಿಲ್ 7ರಂದು ಅಲ್ಲಿ ಹುಟ್ಟಿದ ಮಗುವೇ ಮುಂದೆ ಸಂತ ಫ್ರಾನ್ಸಿಸ್ ಝೇವಿಯರ್ ಎಂದು ಲೋಕಪ್ರಸಿದ್ಧರಾದರು.

ಆ ಮಗುವಿನ ತಂದೆಯ ಹೆಸರು ಹುವಾನ್ ದ ಹಾಸೊ. ತಾಯಿ ಮರಿಯಾ ದ ಆಸ್ಪಿಲ್ಕುಎಟಾ. ಶಾವಿಯೆರ್ ಎಂಬ ಮನೆ ತಾಯಿಯ ಕಡೆಯಿಂದ ಬಂದದ್ದು. ಒಂದೇ ಬಸಿರಿನಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಒಬ್ಬ ಮಿಗೆಲ್ ದ ಶಾವಿಯೆರ್ ಎಂದೂ ಇನ್ನೊಬ್ಬ ಹುವಾನ್ ದ ಆಸ್ಪಿಲ್ಕುಎಟಾ ಎಂದೂ ಕರೆಸಿಕೊಂಡರು. ತಂದೆಯ ಹೆಸರೇ ಮಕ್ಕಳಿಗೆಲ್ಲ ಹರಿದುಬರಬೇಕೆಂಬ ನಿಯಮ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಯಾವ ಮನೆಯ ಹಕ್ಕು ಯಾರಿಗೋ, ಯಾವ ಹಿರಿಯರ ನೆನಪು ಯಾರಿಗೋ, ಆ ಹೆಸರು ಅವರಿಗೆ. ಬಾಸ್ಕ್ ನಾಡಿನಲ್ಲಿ ಮನುಷ್ಯರು ಮನೆಗೆ ಹೆಸರು ಕೊಡುತ್ತಿರಲಿಲ್ಲ. ಮನೆಯೇ ಮನುಷ್ಯರಿಗೆ ಹೆಸರು ಕೊಡುತ್ತಿತ್ತು.

ಇದು ನಮಗೆ ಅಪರಿಚಿತವಾದ ಪದ್ಧತಿಯೇ? ಉತ್ತರ ಕರ್ನಾಟಕದ ಯಾವುದೇ ಊರಿಗೆ ಹೋಗಿ. ಅಲ್ಲಿ ದೊಡಮನಿ ಇದ್ದಾರೆ, ಹೊಸಮನಿ ಇದ್ದಾರೆ. ನಮ್ಮ 'ಮನೆತನ' ಎಂಬ ಶಬ್ದದ ಒಡಲಿನಲ್ಲೇ ಮನೆ ಕುಳಿತಿದೆ. ಹಾವೇರಿಯ ಹೊಸಮನಿಯವರೂ ನವಾರ್ರೆಯ ಶಾವಿಯೆರ್‌ನವರೂ ಒಂದೇ ಬಗೆಯಲ್ಲಿ ಹೆಸರು ಪಡೆದವರು. ಚೌರಪ್ಪ ಎಂಬುದನ್ನು ಅರ್ಥಕ್ಕೆ ಸರಿಯಾಗಿ ಕನ್ನಡಿಸಿದರೆ ಅದು ಹೊಸಮನೆಯಪ್ಪ ಎಂದಾಗುತ್ತದೆ. ವಿಲಾಯಿತಿಯೆಂದು ದೂರ ತಳ್ಳಿದ ಹೆಸರು ಅರ್ಥದಲ್ಲಿ ನಮ್ಮ ಪಕ್ಕದ ಮನೆಯದೇ ಆಗಿದೆ.

ಆ ಹೊಸಮನೆಯ ಗತಿ ಏನಾಯಿತೆಂಬುದನ್ನೂ ಕೇಳಿ. 1512ರಲ್ಲಿ ಕಸ್ತೀಲಿನ ಸೈನ್ಯ ನವಾರ್ರೆ ರಾಜ್ಯವನ್ನು ವಶಪಡಿಸಿಕೊಂಡಿತು. ಶಾವಿಯೆರ್‌ನ ಮನೆಯವರು ಸೋತ ಪಕ್ಷದಲ್ಲಿದ್ದರು. 1516ರಲ್ಲಿ ಆ ಮನೆಯ ಕೋಟೆಗೋಡೆಗಳನ್ನೂ ಬುರುಜುಗಳನ್ನೂ ಕೆಡವಿಸಲಾಯಿತು. ಹಾಗೆ ಅಪ್ಪಣೆ ಮಾಡಿದವರು ಧರ್ಮಸಭೆಯ ಕಾರ್ಡಿನಲರಾಗಿದ್ದು ರಾಜ್ಯಭಾರವನ್ನೂ ವಹಿಸಿಕೊಂಡಿದ್ದ ಸಿಸ್ನೆರೋಸ್. ಆಗ ಫ್ರಾನ್ಸಿಸರಿಗೆ ಹತ್ತು ವರ್ಷ. 19ರ ಪ್ರಾಯದಲ್ಲಿ ಅವರು ಓದಲೆಂದು ಪ್ಯಾರಿಸ್‌ಗೆ ಹೋದರು. 1542ರ ಮೇ 6ರಂದು ಗೋವೆಯಲ್ಲಿ ಇಳಿದರು. ಹತ್ತು ವರ್ಷಗಳ ತರುವಾಯ, 1552ರ ಡಿಸೆಂಬರ್ 3ರಂದು, ಚೀನಾದ ಕರಾವಳಿಗೆ ಹತ್ತಿರದ ಒಂದು ದ್ವೀಪದಲ್ಲಿ ಪ್ರಾಣಬಿಟ್ಟರು. ಆಗ ಅವರಿಗೆ 46 ವರ್ಷ. ಕೆಡವಿಸಿಕೊಂಡ ಒಂದು ಮನೆಯ ಹೆಸರು, ಮನೆಯಿಲ್ಲದೆ ಅಲೆದ ಒಬ್ಬ ಮನುಷ್ಯನ ಮೂಲಕ ಲೋಕದ ಮೂಲೆಮೂಲೆಗೆ ಹೋಯಿತು.

ಹೋದಲ್ಲೆಲ್ಲ ಅದು ಬೇರೆಬೇರೆ ವೇಷ ತೊಟ್ಟಿತು. ಸ್ಪೇನಿನಲ್ಲಿ ಈಗ ಅದನ್ನು ಹಾವಿಯೆರ್ ಎನ್ನುತ್ತಾರೆ; ಅದು ಅಲ್ಲಿ ಗಂಡುಮಕ್ಕಳ ಅತಿ ಸಾಮಾನ್ಯ ಹೆಸರುಗಳಲ್ಲೊಂದು. ಇಟಲಿಯಲ್ಲಿ ಸವೇರಿಯೊ. ಪೋರ್ಚುಗೀಸರು ಶಾವಿಯೆರ್ ಎಂಬ ಹಳೆಯ ಉಚ್ಚಾರವನ್ನೇ ಉಳಿಸಿಕೊಂಡರು. ಅವರಲ್ಲೂ ಬ್ರೆಜಿಲ್ ದೇಶದಲ್ಲೂ ಅದು ಮನೆತನದ ಹೆಸರೂ ಆಗಿದೆ. ಬ್ರೆಜಿಲ್ಲಿನ ಸ್ವಾತಂತ್ರ್ಯಕ್ಕಾಗಿ 1792ರಲ್ಲಿ ಗಲ್ಲಿಗೇರಿದ ತಿರಾದೆಂತಿಸ್ ಎಂಬ ವೀರನ ನಿಜನಾಮ ಜೋಕಿಂ ಜೋಸೆ ದ ಸಿಲ್ವ ಶಾವಿಯೆರ್. ಹೊಸಮನೆ ಎಂಬ ಅದೇ ಬಾಸ್ಕ್ ಪದ ಸವೆಯದೆ ಉಳಿದ ಇನ್ನೊಂದು ರೂಪ ಎಚೆವೆರಿಯಾ. ಬಾಸ್ಕ್ ವಲಸಿಗರೊಂದಿಗೆ ಅದು ಲ್ಯಾಟಿನ್ ಅಮೆರಿಕವನ್ನು ಸೇರಿತು. 1970ರಿಂದ 1976ರವರೆಗೆ ಮೆಕ್ಸಿಕೊದ ಅಧ್ಯಕ್ಷರಾಗಿದ್ದ ಲೂಯಿಸ್ ಎಚೆವೆರಿಯಾ ಅವರ ಮನೆತನದ ಹೆಸರೂ ನಮ್ಮ ಚೌರಪ್ಪನವರ ಹೆಸರೂ ಬೇರಿನಲ್ಲಿ ಒಂದೇ.

ತಮಿಳು ಕರಾವಳಿಯ ಬೆಸ್ತರ ನಾಲಿಗೆಯಲ್ಲಿ ಶಾವಿಯೆರ್ ಸವೇರಿಯಾರ್ ಆದರು. ಸವರಿಮುತ್ತು, ಸವರಿಯಮ್ಮಾಳ್ ಎಂಬ ಹೆಸರುಗಳು ಹುಟ್ಟಿದವು. ಅಲ್ಲಿಂದ ಘಟ್ಟದ ಮೇಲಕ್ಕೆ ಬಂದ ಸವರಿ, ಕನ್ನಡದಲ್ಲಿ ಚೌರಿಯಾಗಿ, ಅಪ್ಪನನ್ನೂ ಅಮ್ಮನನ್ನೂ ಕೂಡಿಕೊಂಡು ಚೌರಪ್ಪ, ಚೌರಮ್ಮ ಆಯಿತು. ಇಲ್ಲೊಂದು ವಿನೋದವಿದೆ. ಮೂಲ ಬಾಸ್ಕ್ ಪದದಲ್ಲಿ ಇದ್ದದ್ದು ಚಕಾರ, ಎಚೆಬೆರಿ. ಇಂಗ್ಲಿಷರ ಝಕಾರ ಬಹಳ ಈಚಿನದು. ಹಾಗಾದರೆ ಚೌರಪ್ಪನೆಂಬ ಹಳ್ಳಿಯ ಹೆಸರನ್ನು ಬಿಟ್ಟು ಝೇವಿಯರ್ ಎಂದು ತಿದ್ದಿಕೊಂಡವರು ಮೂಲದ ನಾದಕ್ಕೆ ಹತ್ತಿರವಾಗಲಿಲ್ಲ, ಇನ್ನಷ್ಟು ದೂರ ಹೋದರು. ಇದು ಕಾಕತಾಳೀಯವೇ ಇರಬಹುದು. ಆದರೂ ಒಡೆದ ಉಚ್ಚಾರವೆಂದು ಮೂಗು ಮುರಿಯುವ ಮುನ್ನ ನೆನಪಿಟ್ಟುಕೊಳ್ಳಬೇಕಾದ ಕಾಕತಾಳೀಯ.

ಕನ್ನಡ ನೆಲದ ಹಿರಿಯ ಕ್ರೈಸ್ತರು ಹೊರಗಿನ ಹೆಸರುಗಳನ್ನು ಎರಡು ವಿಧದಲ್ಲಿ ಒಳಗು ಮಾಡಿಕೊಂಡರು. ಮೊದಲನೆಯದು ನಾದವನ್ನು ಪಳಗಿಸುವುದು: ಶಾವಿಯೆರ್ ಚೌರಪ್ಪನಾದದ್ದು, ಇಗ್ನಾಸಿಯೊ ಇನ್ನಾಸಪ್ಪನಾದದ್ದು ಹೀಗೆ. ಎರಡನೆಯದು ಅರ್ಥವನ್ನು ಮರುನುಡಿಯುವುದು. ಪೌಲ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಚಿಕ್ಕವನೆಂಬ ಅರ್ಥ. ಅದು ತಮಿಳಿನ ಮೂಲಕ ಚಿನ್ನಪ್ಪ ಎಂದಾಯಿತು. ಯೋವಾನ್ನ ಎಂಬ ಹೀಬ್ರೂ ಹೆಸರಿಗೆ ದೇವರ ಕೃಪೆ ಎಂಬ ಅರ್ಥ. ಅದು ಅರುಳಪ್ಪ ಎಂದಾಯಿತು. ಚಿನ್ನಪ್ಪ ಕನ್ನಡಕ್ಕೆ ಬಂದ ಮೇಲೆ ಚಿಕ್ಕವನೆಂಬ ಅರ್ಥ ಮರೆಯಾಗಿ ಬಂಗಾರದ ಹೊಳಪು ಬಂದಿತು. ಹಳೆಯ ಚರ್ಚುಗಳ ಜ್ಞಾನಸ್ನಾನದ ದಾಖಲೆಗಳಲ್ಲಿ ಲ್ಯಾಟಿನ್ ಹೆಸರು, ಮನೆಯಲ್ಲಿ ಕೂಗುವಾಗ ಕನ್ನಡದ ಹೆಸರು. ಮಗು ಓಗೊಟ್ಟದ್ದು ಎರಡನೆಯದಕ್ಕೆ.

ಹೆಸರಿನ ಈ ಒಳಗುಗೊಳ್ಳುವಿಕೆ ಒಂದೇ ದಿಕ್ಕಿನದಲ್ಲ. 1648ರ ಸುಮಾರಿಗೆ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದ ಸೀಮೆಯಲ್ಲಿ ಸೇವೆ ಆರಂಭಿಸಿ ಕನ್ನಡ ಕಲಿತು ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದರು. 1799ರ ನಂತರ ಅದೇ ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ ಇಲ್ಲಿಯ ಉಡುಗೆ ತೊಟ್ಟು, ಇಲ್ಲಿಯ ಊಟ ಉಂಡು ಎರಡು ದಶಕಗಳಿಗೂ ಹೆಚ್ಚು ಕಾಲ ಬಾಳಿದರು. ಸಿಡುಬಿನ ಕಾಲದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಫ್ರೆಂಚಿನಲ್ಲಿ ದುಬ್ವಾ ಎಂದರೆ ಕಾಡಿನವನು. ಫ್ರಾನ್ಸಿನಲ್ಲಿ ಅದು ಲೆಕ್ಕವಿಲ್ಲದಷ್ಟು ಜನರ ಮನೆತನದ ಹೆಸರು. ನಮ್ಮ ರೈತರಿಗೆ ಆ ಹೆಸರು ಬೇಕಾಗಲಿಲ್ಲ. ಅವರು ಆತನನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹುಟ್ಟಿನಿಂದ ಬಂದ ಹೆಸರಿಗಿಂತ ಬಾಳಿನಿಂದ ಗಳಿಸಿದ ಹೆಸರು ಆ ಜನರಿಗೆ ಹೆಚ್ಚು ನಿಜವಾಗಿ ಕಂಡಿತು.

ಓದುಗರೇ, ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸಿಹಿಯಾಗಿ ಮುಗಿಯುತ್ತದೆ. ಆದರೆ ಹೆಸರುಗಳೆಲ್ಲ ಪ್ರೀತಿಯಿಂದಲೇ ಬಂದವೆಂದು ಹೇಳುವುದು ಸತ್ಯಕ್ಕೆ ಅಪಚಾರ. ಗೋವೆಯನ್ನು ಪೋರ್ಚುಗೀಸರು 1510ರಲ್ಲಿ ಗೆದ್ದರು. ಅಲ್ಲಿ ಜ್ಞಾನಸ್ನಾನ ಪಡೆದವರಿಗೆ ಬಹುಮಟ್ಟಿಗೆ ಜ್ಞಾನತಂದೆಯ ಅಥವಾ ಗುರುವಿನ ಮನೆತನದ ಹೆಸರನ್ನೇ ಇಡಲಾಯಿತು. ಪ್ರಭು, ಕಾಮತ್, ನಾಯಕ್, ಪೈ ಎಂದಿದ್ದವರು ಡಿಸೋಜ, ಲೋಬೊ, ಪಿರೇರಾ, ಮಚಾದೊ ಆದರು. ಸೋಜ ಎಂಬುದು ಉತ್ತರ ಪೋರ್ಚುಗಲ್ಲಿನ ಒಂದು ನದಿಯ ಹೆಸರು. ಲೋಬೊ ಎಂದರೆ ತೋಳ, ಪಿರೇರಾ ಎಂದರೆ ಪೇರ್ ಹಣ್ಣಿನ ಮರ, ಮಚಾದೊ ಎಂದರೆ ಕೊಡಲಿ. ಆ ನದಿಯನ್ನು ಕಾಣದವರು ನದಿಯ ಹೆಸರನ್ನು ಹೊತ್ತರು. ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣಾ ಮಂಡಳಿ ಆರಂಭವಾಯಿತು. ಅಂಥ ಮಂಡಳಿ ಬೇಕೆಂದು 1546ರಲ್ಲಿಯೇ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು ಕೇಳಿದವರಲ್ಲಿ ಸಂತ ಫ್ರಾನ್ಸಿಸರೂ ಒಬ್ಬರು. 1684ರಲ್ಲಿ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂಬ ಆಜ್ಞೆಯೂ ಹೊರಟಿತು. ಗೋವೆಯಿಂದ ಕೆನರಾ ಕರಾವಳಿಗೆ ವಲಸೆ ಬಂದ ಕುಟುಂಬಗಳು ಕೊಂಕಣಿಯನ್ನು ಬಿಡಲಿಲ್ಲ. ಕೊಟ್ಟ ಹೆಸರನ್ನೂ ಬಿಡಲಿಲ್ಲ. ಕೆಲವರಲ್ಲಿ ಹಳೆಯ ಹೆಸರಿನ ನೆನಪೂ ಉಳಿಯಿತು. ಮಂಗಳೂರು ಕಥೋಲಿಕರ ಚರಿತ್ರೆಯನ್ನು ಬರೆದ ಅಲನ್ ಮಚಾದೊ ಪ್ರಭು ಅವರು ಎರಡು ಹೆಸರುಗಳನ್ನೂ ಜೊತೆಯಾಗಿಯೇ ಇಟ್ಟುಕೊಂಡಿದ್ದಾರೆ.

ಸಾಗರದಾಚೆ ಇದಕ್ಕಿಂತ ಕಹಿಯಾದ ಕಥೆಯಿದೆ. ಬ್ರೆಜಿಲ್ಲಿನಲ್ಲಿ 2022ರ ಜನಗಣತಿಯಂತೆ ಸಿಲ್ವ ಎಂಬ ಮನೆತನದ ಹೆಸರುಳ್ಳವರು ಸುಮಾರು 3 ಕೋಟಿ 40 ಲಕ್ಷ. ಅಂದರೆ ಆರು ಜನರಲ್ಲಿ ಒಬ್ಬರು. ಸೋಜ ಹೆಸರಿನವರು ಸುಮಾರು 92 ಲಕ್ಷ. ಇವರೆಲ್ಲ ಪೋರ್ಚುಗಲ್ಲಿನ ಒಂದೆರಡು ಮನೆತನಗಳ ಸಂತಾನವೆಂದು ತಿಳಿಯಬೇಡಿ. ಆಫ್ರಿಕದಿಂದ ಹಿಡಿದು ತಂದ ಗುಲಾಮರಿಗೆ ಒಡೆಯರ ಹೆಸರು ಅಂಟಿಕೊಂಡಿತು. ಗುಲಾಮಗಿರಿ ಅಲ್ಲಿ ರದ್ದಾದದ್ದು 1888ರಲ್ಲಿ; ಹೆಸರು ಉಳಿಯಿತು. ಡಿಸಿಲ್ವ ಎಂದು ಕರೆಸಿಕೊಳ್ಳುವ ಮಂಗಳೂರಿನ ಶಿಕ್ಷಕಿಯೂ ಬ್ರೆಜಿಲ್ಲಿನ ಕಬ್ಬಿನ ಗದ್ದೆಯ ಕೂಲಿಯ ಮರಿಮಗನೂ ಹೆಸರಿನಲ್ಲಿ ದಾಯಾದಿಗಳು, ರಕ್ತದಲ್ಲಿ ಅಲ್ಲ. ಹೆಸರಿನಿಂದ ಕುಲವನ್ನು ಓದಲು ಹೊರಟವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಈಗ ನೈತಿಕವಾದ ಪ್ರಶ್ನೆ ಎದುರು ನಿಲ್ಲುತ್ತದೆ. ಬಲದಿಂದ ಬಂದ ಹೆಸರನ್ನು, ಅಥವಾ ಕಲಂಕವಿರುವ ಚರಿತ್ರೆಯೊಂದಿಗೆ ಬಂದ ಹೆಸರನ್ನು ಇಟ್ಟುಕೊಳ್ಳುವುದು ಸರಿಯೇ? ಮೂರು ಉತ್ತರಗಳು ಕೇಳಿಬರುತ್ತವೆ. ಮೊದಲನೆಯದು, ಬಿಟ್ಟುಬಿಡಿ ಎಂಬುದು. ಸ್ವಂತ ಇಚ್ಛೆಯಿಂದ ಹಾಗೆ ಮಾಡುವವರನ್ನು ತಡೆಯಲು ನಾವು ಯಾರು? ಆದರೆ ಇನ್ನೊಬ್ಬರು ಹೇಳಿದರೆಂದು ಬಿಡುವುದು, ಇನ್ನೊಬ್ಬರು ಹೇಳಿದರೆಂದು ಹಿಂದೆ ಇಟ್ಟುಕೊಂಡದ್ದಕ್ಕಿಂತ ಯಾವ ರೀತಿಯಲ್ಲಿ ಮೇಲು? ಎರಡನೆಯದು, ಮುಚ್ಚಿಡಿ ಎಂಬುದು. ಮನೆ ಬಾಡಿಗೆಗೆ ಸಿಗಲಿ, ಕೆಲಸ ಸಿಗಲಿ ಎಂದು ಹೆಸರಿನ ಅರ್ಧವನ್ನು ನುಂಗಿಕೊಳ್ಳುವವರನ್ನು ಹಳಿಯಬಾರದು. ಅವರನ್ನು ಆ ಇಕ್ಕಟ್ಟಿಗೆ ಸಿಲುಕಿಸಿದವರದು ದೋಷ. ಮೂರನೆಯದು, ಮೆರೆಸಿ ಎಂಬುದು. ಯೂರೋಪಿನ ಹೆಸರಿದ್ದ ಮಾತ್ರಕ್ಕೆ ತಾವು ಒಂದು ಗೇಣು ಎತ್ತರವೆಂದು ತಿಳಿದವರು ಲೋಬೊ ಎಂದರೆ ತೋಳವೆಂಬುದನ್ನು ಒಮ್ಮೆ ನೆನೆಯಲಿ.

ಈ ಮೂರೂ ಉತ್ತರಗಳು ಹೆಸರನ್ನು ಒಂದು ವಸ್ತುವೆಂದು ಭಾವಿಸಿವೆ. ಬಿಸಾಡಬಹುದಾದದ್ದು, ಬಚ್ಚಿಡಬಹುದಾದದ್ದು, ಪ್ರದರ್ಶಿಸಬಹುದಾದದ್ದು. ಬಾಸ್ಕ್ ರೈತನ ಮಾತನ್ನು ನಂಬಿ ಅದನ್ನು ಮನೆಯೆಂದು ಎಣಿಸಿ ನೋಡೋಣ. ಅಜ್ಜ ಕಟ್ಟಿಸಿದ ಮನೆ ನಮಗೆ ಬಂದಿದೆ. ಅದರ ತಳಪಾಯ ಹಾಕುವಾಗ ಯಾರದೋ ಕೂಲಿಯನ್ನು ಮುರಿದಿರಬಹುದು, ಯಾರದೋ ಗಡಿಕಲ್ಲನ್ನು ಸರಿಸಿರಬಹುದು. ಆ ತಪ್ಪು ನಾವು ಮಾಡಿದ್ದಲ್ಲ. ಆದರೆ ಆ ಮನೆಯಲ್ಲಿ ವಾಸವಿರುವವರು ನಾವು. ತಪ್ಪು ನಡೆದಿಲ್ಲವೆಂದು ಸಾಧಿಸುವುದೂ ಬೇಡ, ಮನೆಗೆ ಬೆಂಕಿಯಿಡುವುದೂ ಬೇಡ. ನಡೆದದ್ದನ್ನು ತಿಳಿದುಕೊಂಡು ಸೋರುವ ಮಾಡನ್ನು ಸರಿಪಡಿಸುವುದು, ಕದವನ್ನು ತೆರೆದಿಡುವುದು ನಮ್ಮ ಪಾಲಿನ ಕರ್ತವ್ಯ. ಚೌರಪ್ಪ ಎಂಬ ಹೆಸರನ್ನು ಹೊತ್ತವನು 1546ರ ಪತ್ರಕ್ಕೆ ಉತ್ತರದಾಯಿಯಲ್ಲ. ಆದರೆ ತನ್ನ ನೆರೆಯವನ ನಂಬಿಕೆಯ ವಿಚಾರಣೆಗೆ ತಾನೆಂದೂ ಕೂಡುವುದಿಲ್ಲವೆಂಬ ನಿಶ್ಚಯಕ್ಕೆ ಅವನು ಉತ್ತರದಾಯಿ. ಸಂತರನ್ನು ಗೌರವಿಸುವುದಕ್ಕೂ ಅವರ ಕಾಲದ ಕುರುಡನ್ನು ಗುರುತಿಸುವುದಕ್ಕೂ ವಿರೋಧವಿಲ್ಲ.

ಮೈಸೂರಿನ ಇತರ ಬಾಂಧವರಿಗೂ ಈ ಮಾತು ಸಲ್ಲುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೆಂಬುದೇ ಇರಲಿಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಬಳಿಕ ತನ್ನ ಹೆಸರು. ಈ ನಗರದಲ್ಲೇ ಬಾಳಿ ಬರೆದ ಆರ್. ಕೆ. ನಾರಾಯಣರ ಮೊದಲ ಅಕ್ಷರ ರಾಸಿಪುರವೆಂಬ ತಮಿಳುನಾಡಿನ ಊರು. ಎರಡನೆಯದು ತಂದೆ ಕೃಷ್ಣಸ್ವಾಮಿ. ನಾರಾಯಣಸ್ವಾಮಿ ಎಂದಿದ್ದ ಹೆಸರು ಇಂಗ್ಲೆಂಡಿನ ಲೇಖಕ ಗ್ರಹಾಂ ಗ್ರೀನ್ ಅವರ ಸಲಹೆಯಿಂದ ಮೊಟಕಾಯಿತು. ಇಂದು ಪಾಸ್‌ಪೋರ್ಟಿನ ಅರ್ಜಿ ಮನೆತನದ ಹೆಸರಿಗಾಗಿ ಒಂದು ಖಾನೆ ಬಿಟ್ಟಿರುತ್ತದೆ. ನಮ್ಮ ಹುಡುಗರು ಅಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಆ ಅಜ್ಜನ ಹೆಸರೇ ಕುಲನಾಮವಾಗಿಬಿಡುತ್ತದೆ. ಗೋವೆಯಲ್ಲಿ ಗುರುವಿನ ಲೇಖನಿ ಮಾಡಿದ್ದನ್ನು ಇಂದು ಕಚೇರಿಯ ಖಾನೆ ಸದ್ದಿಲ್ಲದೆ ಮಾಡುತ್ತಿದೆ. ಹೀಗಿರುವಾಗ ಯಾರ ಹೆಸರು ಪೂರ್ತಿಯಾಗಿ ಅವರದೇ ಆಗಿದೆ? ಯಾರ ಹೆಸರಿನ ಮೇಲೆ ಹೊರಗಿನ ಬೆರಳಚ್ಚು ಇಲ್ಲ?

ಇನ್ನೊಂದು ಮಾತನ್ನು ನಮ್ಮ ಮನೆಯೊಳಗೇ ಹೇಳಿಕೊಳ್ಳಬೇಕಾಗಿದೆ. ಬಾಡಿಗೆ ಮನೆಯ ಯಜಮಾನರ ಮೂರು ಪ್ರಶ್ನೆಗಳು ಕ್ರೈಸ್ತರ ನಡುಮನೆಯಲ್ಲೂ ಕೇಳಿಬರುತ್ತವೆ. ಮದುವೆಯ ಸಂಬಂಧ ಕೂಡಿಬಂದಾಗ ಹುಡುಗನ ಹೆಸರು ಕೇಳಿ, ಅಪ್ಪನ ಹೆಸರು ಕೇಳಿ, ಅಜ್ಜನ ಹೆಸರು ಕೇಳಿ, ಜ್ಞಾನಸ್ನಾನದ ನೀರಿನ ಹಿಂದೆ ಯಾವ ಕೇರಿಯಿತ್ತೆಂಬುದನ್ನು ಹುಡುಕುವವರು ನಮ್ಮಲ್ಲಿ ಇಲ್ಲವೇ? ಕೊಂಕಣಿ ಹೆಸರಿನವರು ಕನ್ನಡ ಹೆಸರಿನವರನ್ನು, ಕನ್ನಡ ಹೆಸರಿನವರು ತಮಿಳು ಹೆಸರಿನವರನ್ನು ಓರೆಗಣ್ಣಿನಿಂದ ನೋಡುವುದಿಲ್ಲವೇ? ಪವಿತ್ರ ಗ್ರಂಥದಲ್ಲಿ ಅಬ್ರಾಮ ಅಬ್ರಹಾಮನಾದ, ಸೀಮೋನ ಪೇತ್ರನಾದ. ಆ ಹೊಸ ಹೆಸರುಗಳು ಹಿಂದಿನ ಕುಲವನ್ನು ಸಾರಲು ಬಂದವಲ್ಲ; ಮುಂದೆ ಮಾಡಬೇಕಾದ ಕೆಲಸವನ್ನು ಹೊರಿಸಲು ಬಂದವು. ಆ ಅರ್ಥದಲ್ಲಿ ಪ್ರತಿಯೊಬ್ಬರ ಹೆಸರೂ ಹೊಸಮನೆಯೇ. ಅದರೊಳಗೆ ಬಾಳು ಇನ್ನೂ ನಡೆಯಬೇಕಾಗಿದೆ.

ಆದ್ದರಿಂದ ಓದುಗರೇ, ನಿಮ್ಮಲ್ಲಿ ಎರಡು ಬಿನ್ನಹಗಳು. ನಿಮ್ಮ ಮನೆಯಲ್ಲಿ ವಯಸ್ಸಾದ ಚೌರಮ್ಮನೋ ಇನ್ನಾಸಪ್ಪನೋ ಇದ್ದರೆ, ಆ ಹೆಸರಿಗೆ ನಾಚುವ ಮೊಮ್ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಪಿರೆನೀಸಿನ ತಪ್ಪಲಿನಲ್ಲಿ ಕೆಡವಲಾದ ಒಂದು ಮನೆಯ ಕಥೆಯನ್ನು ಹೇಳಿ. ಸಿಹಿಯನ್ನೂ ಹೇಳಿ, ಕಹಿಯನ್ನೂ ಹೇಳಿ. ಎರಡನೆಯದು ಇನ್ನೂ ಸಣ್ಣದು. ನಾಳೆ ನಿಮ್ಮ ಮನೆಯ ಮುಂದೆ 'ಬಾಡಿಗೆಗೆ ಇದೆ' ಎಂಬ ಹಲಗೆ ತೂಗುಹಾಕಿದಾಗ ಬಂದವರ ಹೆಸರನ್ನು ಖಂಡಿತ ಕೇಳಿ, ಏಕೆಂದರೆ ಕೂಗಿ ಕರೆಯಲು ಹೆಸರು ಬೇಕು. ಅವರು ಹೇಳಿದ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತುಕೊಳ್ಳಿ. ಅನಂತರ ಎರಡನೆಯ ಪ್ರಶ್ನೆಯನ್ನು ಕೇಳದೆ ಬೀಗದ ಕೈಯನ್ನು ಅವರ ಕೈಗೆ ಕೊಡಿ.